ನಿದ್ದೆಗೆ ಹಚ್ಚಿದ ಎಣ್ಣೆ

ಕಾಪುವಿನ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದಷ್ಟು ಕಾಲವೂ ಮಧ್ಯಾಹ್ನದ ಮೊದಲ ಪಿರಿಯಡ್ ನನ್ನ ತಲೆಗೇ ಬರುತ್ತಿತ್ತು. ಕುಚ್ಚಲಕ್ಕಿ ಅನ್ನ ಉಂಡು ಬಂದ ಮಕ್ಕಳು ತೂಕಡಿಸುವ ಹೊತ್ತು ಅದು. ತೂಕಡಿಸಿದವರ ಮೇಲೆ ಸೀಮೆಸುಣ್ಣದ ತುಂಡು ಎಸೆಯುವುದರಲ್ಲಿ ನನ್ನ ಗುರಿ ತಪ್ಪಿದ್ದು ಕಡಿಮೆ. ಈಗ ಪೇಟೆಯಲ್ಲಿ ಸಿಗುವ ಹಳೆಯ ವಿದ್ಯಾರ್ಥಿಗಳು ಸಂಧಿ ಸಮಾಸ ಎಲ್ಲವನ್ನೂ ಮರೆತಿದ್ದಾರೆ, ಸೀಮೆಸುಣ್ಣವನ್ನು ಮರೆತಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಮಜ್ಜಿಗೆಯಲ್ಲಿ ಬಿತ್ತಂತೆ ಎಂಬ ಗಾದೆಯನ್ನು ಅವರಿಗೆ ವಿವರಿಸಿ ಹೇಳಿದವಳೂ ನಾನೇ. ಆ ಹಲ್ಲಿ ಯಾರೆಂದು ನನಗೆ ಗೊತ್ತಾಗಲು ನಿವೃತ್ತಿಯಾಗಬೇಕಾಯಿತು.

ಆಯಾಸ ಮೊದಲೂ ಇತ್ತು. ಆದರೆ ಶಾಲೆಯಲ್ಲಿ ಇಡೀ ದಿನ ನಿಂತೇ ಇರುತ್ತಿದ್ದೆ. ಕುಳಿತುಕೊಳ್ಳಲು ಪುರುಸೊತ್ತು ಸಿಕ್ಕಿದ ಮೇಲೆ ಪೇಪರ್ ಓದುತ್ತಾ, ಬೀನ್ಸ್ ಹೆಚ್ಚುತ್ತಾ, ಮದುವೆ ಹಾಲಿನ ಫ್ಯಾನಿನ ಕೆಳಗೆ, ಎಲ್ಲೆಂದರಲ್ಲಿ ಕಣ್ಣು ಎಳೆಯತೊಡಗಿತು. ನಾನು ಅದನ್ನು ನಿದ್ದೆ ಎಂದು ಕರೆಯಲಿಲ್ಲ. ಜೋಂಪು ಎಂದೆ, ಬಿಸಿಲಿನ ಬಳಲಿಕೆ ಎಂದೆ, ಬಿ.ಪಿ. ಮಾತ್ರೆಯ ಗುಣ ಎಂದೆ. ಒಮ್ಮೆ ಉಡುಪಿಗೆಂದು ಎಕ್ಸ್‌ಪ್ರೆಸ್ ಬಸ್ ಹತ್ತಿ ಕಿಟಕಿಯ ಪಕ್ಕ ಕುಳಿತವಳು ಕಣ್ಣು ಬಿಟ್ಟಾಗ ಬಸ್ಸು ಉಡುಪಿ ದಾಟಿ ಸಂತೆಕಟ್ಟೆಯಲ್ಲಿ ನಿಂತಿತ್ತು.

"ಟೀಚರೇ, ಉಡುಪಿಯಲ್ಲಿ ನಿಮ್ಮನ್ನು ಕರೆದೆ. ನೀವು ಕೈ ಎತ್ತಿ 'ಕೂತ್ಕೊ' ಅಂದ್ರಿ. ನಾನು ಸುಮ್ಮನೆ ಕೂತೆ" ಎಂದ ಕಂಡಕ್ಟರ್. ಅವನೂ ನನ್ನ ಹಳೆಯ ವಿದ್ಯಾರ್ಥಿಯೇ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ನನಗೆ ಚಿಂತೆಗೇನೂ ಕಡಿಮೆ ಇರಲಿಲ್ಲ, ಆದರೂ ನಿದ್ದೆ ಸಂತೆಕಟ್ಟೆಯವರೆಗೆ ಬಂತು. ಮನೆಗೆ ಬಂದು ಇದನ್ನು ತಮಾಷೆಯ ಕಥೆಯ ಹಾಗೆ ಹೇಳಿದೆ. ಸಾಮಾನ್ಯವಾಗಿ ನನ್ನ ಎಲ್ಲ ಕಥೆಗೂ ನಗುವ ನನ್ನ ಗಂಡ ಅವತ್ತು ನಗಲಿಲ್ಲ. ಬ್ಯಾಂಕಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು ಅವರು, ಮಾತು ಕಡಿಮೆ.

ನಮ್ಮ ಮನೆಯಲ್ಲಿ ಗೊರಕೆ ಅವರ ಪಾಲಿನದು ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ನೆಂಟರು ಬಂದು ಉಳಿದರೆ ಬೆಳಿಗ್ಗೆ ತಿಂಡಿಯ ಹೊತ್ತಿಗೆ "ನಿನ್ನೆ ನಿಮ್ಮ ಕೋಣೆಯಲ್ಲಿ ಎಂತ ಬೋಟಿನ ಇಂಜಿನ್ ಸ್ಟಾರ್ಟ್ ಆಗಿತ್ತಾ?" ಎಂದು ಕೇಳುತ್ತಿದ್ದರು. ಗಂಡ ನೀರುದೋಸೆ ಮಡಚುತ್ತಾ "ನನ್ನದೇ ಮಾರಾಯ್ರೆ, ತಪ್ಪಾಯ್ತು" ಎನ್ನುತ್ತಿದ್ದರು. ನಾನು ನೆಂಟರ ಜೊತೆ ಸೇರಿ ಅವರನ್ನು ಇನ್ನೂ ನಾಲ್ಕು ಮಾತು ಹೆಚ್ಚೇ ಗೇಲಿ ಮಾಡುತ್ತಿದ್ದೆ. ಹೆಂಗಸರು ಗೊರಕೆ ಹೊಡೆಯುತ್ತಾರೆ ಎಂಬುದು ನನ್ನ ಪಾಠದಲ್ಲೇ ಇರಲಿಲ್ಲ.

ಮಗಳನ್ನು ಕಾರ್ಕಳಕ್ಕೆ ಕೊಟ್ಟಿದ್ದೇವೆ. ಅವಳು ನಿಟ್ಟೆಯಲ್ಲಿ ಕಾಲೇಜಿನಲ್ಲಿ ಕಲಿಸುತ್ತಾಳೆ. ಅವಳು ಐದು ತಿಂಗಳ ಬಸುರಿಯಾಗಿದ್ದಾಗ ಅವಳ ಗಂಡನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಊಟವಾಗಿ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತಿದ್ದೆವು. ಮಗಳ ನಾದಿನಿ ತನ್ನ ಪುಟ್ಟ ಕೂಸನ್ನು ನನ್ನ ಮಡಿಲಲ್ಲಿಟ್ಟು ಕೈತೊಳೆಯಲು ಹೋದಳು. ಕೂಸಿನ ನೆತ್ತಿಯ ವಾಸನೆ ಮೂಸಿದ್ದು ನೆನಪಿದೆ. ಆಮೇಲೆ ನನಗೆ ನೆನಪಿರುವುದು ಒಂದು ಸಣ್ಣ ಕೂಗು, ಮತ್ತು ಮಗಳ ಅತ್ತೆ ನನ್ನ ಮೊಣಕಾಲಿನ ಹತ್ತಿರ ಬಗ್ಗಿ ಕೂಸನ್ನು ಎರಡು ಕೈಯಲ್ಲಿ ಹಿಡಿದುಕೊಂಡದ್ದು. ಕೂಸು ನನ್ನ ಸೀರೆಯ ಮೇಲಿಂದ ಜಾರಿ ಹೋಗುತ್ತಿತ್ತು. ನಾನು ನಿದ್ದೆಯಲ್ಲಿದ್ದೆ.

"ಎಂತ ಆಗಲಿಲ್ಲ, ಎಂತ ಆಗಲಿಲ್ಲ" ಎಂದು ಅವರು ಕೂಸನ್ನು ಎತ್ತಿಕೊಂಡು ಒಳಗೆ ಹೋದರು. ಯಾರೂ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ನಾನು ಉತ್ತರ ಕೊಡುತ್ತಿದ್ದೆ, ನನಗೆ ಅದು ಬರುತ್ತದೆ. ಎಲ್ಲರೂ ಒಟ್ಟಿಗೆ ಬೇರೆ ವಿಷಯ ಮಾತಾಡತೊಡಗಿದರು. ಆ ಮರ್ಯಾದೆಯನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಹೊರಡುವ ಮೊದಲು ಮಗಳು ನನ್ನನ್ನು ಹಿತ್ತಲಿನ ಕಡೆ ಕರೆದುಕೊಂಡು ಹೋದಳು. ನಮ್ಮ ಮನೆಮಾತು ತುಳು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಜಗಳಗಳು ತುಳುವಿನಲ್ಲಿ ಇನ್ನೂ ಚೆನ್ನಾಗಿದ್ದವು ಎಂದು ಓದುವವರು ನಂಬಬೇಕು.

"ಅಮ್ಮ, ನೀನು ಬೇಸರ ಮಾಡಬಾರದು. ಬಾಣಂತನ ಇಲ್ಲಿಯೇ ಆಗಲಿ ಅಂತ ನಾನು ಯೋಚನೆ ಮಾಡ್ತಿದ್ದೇನೆ."

"ಚೊಚ್ಚಲು ಯಾರಾದರೂ ಗಂಡನ ಮನೆಯಲ್ಲಿ ಮಾಡಿಸಿಕೊಳ್ತಾರಾ? ಊರಿನವರು ಎಂತ ಹೇಳಿಯಾರು?"

"ಊರಿನವರು ಬಂದು ಕೂಸನ್ನು ಹಿಡಿಯುವುದಿಲ್ಲ ಅಲ್ವಾ? ನನಗೆ ಹೆದರಿಕೆ ಆಗ್ತದೆ ಅಮ್ಮ. ನೀನು ಕಾಲ ಮೇಲೆ ಮಲಗಿಸಿ ಸ್ನಾನ ಮಾಡಿಸುವಾಗ ಹೀಗೆ ಆದರೆ?"

ನಮ್ಮ ಕಡೆ ಏಳನೇ ತಿಂಗಳಲ್ಲಿ ಗಂಡನ ಮನೆಯವರು ಬಯಕೆಯ ಶಾಸ್ತ್ರ ಮಾಡಿ, ಸೀರೆ ಹೂವು ಕೊಟ್ಟು, ಹುಡುಗಿಯನ್ನು ತಾಯಿಯ ಮನೆಗೆ ಕಳಿಸುತ್ತಾರೆ. ಹೆರಿಗೆಯಾಗಿ ಕೂಸಿನ ಹೊಕ್ಕುಳು ಬಿದ್ದ ಮೇಲೆ ಅಜ್ಜಿ ಬಚ್ಚಲಿನಲ್ಲಿ ಮಣೆಯ ಮೇಲೆ ಕಾಲು ಚಾಚಿ ಕುಳಿತು, ತನ್ನ ಎರಡು ಕಾಲುಗಳ ನಡುವಿನ ತಗ್ಗಿನಲ್ಲಿ ಕೂಸನ್ನು ಮಲಗಿಸಿ, ತೆಂಗಿನೆಣ್ಣೆ ತಿಕ್ಕಿ, ಹೆಸರುಹಿಟ್ಟು ಹಚ್ಚಿ, ಬಿಸಿನೀರು ಹೊಯ್ಯುತ್ತಾಳೆ. ನನ್ನ ಅಮ್ಮ ಈ ಮಗಳನ್ನು ಹಾಗೆಯೇ ಮೀಯಿಸಿದ್ದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಾ, ಇದು ಮುಂದೆ ನನ್ನ ಕೆಲಸ ಎಂದುಕೊಂಡಿದ್ದೆ. ಎಣ್ಣೆ ಹಚ್ಚಿದ ಕೂಸು, ಎಣ್ಣೆ ತಾಗಿದ ಕಾಲು, ಮೇಲಿಂದ ನೀರು. ಒಂದು ಕ್ಷಣ ಮೈಮರೆತರೂ ಆಗುವುದಿಲ್ಲ. ಮಗಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ನನಗೆ ಅಷ್ಟು ಸಿಟ್ಟು ಬಂತು.

"ಡಾಕ್ಟರಿಗೆ ತೋರಿಸು. ಸರಿಯಾದರೆ ಬರ್ತೇನೆ. ಬರಬೇಕು ಅಂತ ನನಗೂ ಆಸೆ ಉಂಟು" ಎಂದು ಅವಳು ಕಣ್ಣು ಒರೆಸಿಕೊಂಡಳು.

ಮನೆಗೆ ಬಂದವಳು ಡಾಕ್ಟರ ಬಳಿಗೆ ಹೋಗಲಿಲ್ಲ. ಹೋದರೆ ಒಪ್ಪಿಕೊಂಡ ಹಾಗಾಗುತ್ತದೆ. ನಮ್ಮ ಪಕ್ಕದ ಮನೆಯವರು ಕೊಂಕಣಿ ಮಾತಾಡುವ ಕ್ರೈಸ್ತರು. ಆ ಮನೆಯ ಹೆಂಗಸನ್ನು ನಾನು ಬಾಯಮ್ಮ ಎಂದು ಕರೆಯುತ್ತೇನೆ. ಕಂಪೌಂಡ್ ಗೋಡೆಯ ಆಚೆ ನಿಂತು ನನ್ನ ಕಥೆ ಕೇಳಿದ ಬಾಯಮ್ಮ, "ಅದು ನಮ್ಮ ಇವರದ್ದೇ ಕಾಯಿಲೆ ಟೀಚರ್. ಕುವೈಟಿನಲ್ಲಿರುವಾಗ ಮಿಷನ್ ಕೊಟ್ಟಿದ್ದರು. ಈಗ ಹೊಸತು ತಗೊಂಡಿದ್ದಾರೆ, ಹಳೆಯದು ಅಟ್ಟದಲ್ಲಿ ಉಂಟು, ಬೇಕಾ?" ಎಂದರು. ಮೂಗಿಗೆ ಮುಖವಾಡ ಕಟ್ಟಿಕೊಂಡು ಮಲಗಿದರೆ ಅದು ಗಾಳಿ ಊದುತ್ತದೆ, ಅಷ್ಟೇ ಎಂದು ವಿವರಿಸಿದರು. ಕಾಯಿಲೆಯ ಹೆಸರು ಹೇಳಿಸಿಕೊಳ್ಳದೆ ಮದ್ದು ಮಾತ್ರ ಸಿಗುತ್ತದೆ ಎಂದು ನನಗೆ ಬಹಳ ಖುಷಿಯಾಯಿತು.

ಬಾಯಮ್ಮನ ಗಂಡ ಆರು ಅಡಿಯ ಆಳು. ಆ ಯಂತ್ರ ಅವರ ಗಂಟಲಿನ ಅಳತೆಗೆ ಒತ್ತಡ ಹೊಂದಿಸಿ ಇಟ್ಟದ್ದು ಎಂದು ನನಗೂ ಗೊತ್ತಿರಲಿಲ್ಲ, ಬಾಯಮ್ಮನಿಗೂ ಗೊತ್ತಿರಲಿಲ್ಲ. ಹಾಕಿ ಮಲಗಿದೆ. ಮಳೆಗಾಲದಲ್ಲಿ ಕಡಲಿಗೆ ಮುಖ ಮಾಡಿ ಬಾಯಿ ತೆರೆದು ನಿಂತ ಹಾಗಾಯಿತು. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರಲು ಜಾಗವಿರಲಿಲ್ಲ. ಬೆಳಿಗ್ಗೆ ಹೊಟ್ಟೆ ಗಾಳಿಯಿಂದ ಉಬ್ಬಿ ತೇಗು ನಿಲ್ಲಲಿಲ್ಲ. ಆದರೂ ಛಲ ಬಿಡದೆ ಒಂದು ವಾರ ಕಟ್ಟಿಕೊಂಡೆ. ಇನ್ನೊಬ್ಬರ ಕನ್ನಡಕ ಹಾಕಿಕೊಂಡು ಕಣ್ಣು ಸರಿಯಾಗಲಿ ಎಂದು ಕಾದ ಹಾಗಿತ್ತು ಅದು. ಕೊನೆಗೆ ಗಂಡನೇ ಯಂತ್ರವನ್ನು ಅದರ ಚೀಲದಲ್ಲಿ ಹಾಕಿ ಬಾಯಮ್ಮನಿಗೆ ಹಿಂದಿರುಗಿಸಿ ಬಂದು, "ನಾಳೆ ಮಣಿಪಾಲಕ್ಕೆ ಹೋಗುವ" ಎಂದರು. ಅವರು ಹಾಗೆ ನಿರ್ಧಾರ ಮಾಡಿ ಹೇಳುವುದು ಅಪರೂಪ. ನಾನು ಸೀರೆ ಇಸ್ತ್ರಿ ಮಾಡಿಟ್ಟುಕೊಂಡೆ.

ಮಣಿಪಾಲದ ಡಾಕ್ಟರ್ ನನ್ನ ಮಗಳ ಪ್ರಾಯದ ಹೆಂಗಸು. "ಹಗಲು ನಿದ್ದೆ ಬರ್ತದಾ?" ಎಂದು ಕೇಳಿದರು. "ಇಲ್ಲ" ಎಂದೆ. "ಕೂತಲ್ಲಿ ಕಣ್ಣು ಮುಚ್ಚುವುದು?" "ಅದು ಜೋಂಪು." ಅವರು ಪೆನ್ನು ಕೆಳಗಿಟ್ಟು ನನ್ನ ಗಂಡನ ಕಡೆ ತಿರುಗಿದರು. "ನೀವು ಹೇಳಿ ಸರ್. ರಾತ್ರಿ ಹೇಗೆ?"

ಅವರು ಮೊದಲು ನನ್ನ ಮುಖ ನೋಡಿದರು. ಆಮೇಲೆ ಡಾಕ್ಟರ ಮೇಜಿನ ಕಡೆ ನೋಡುತ್ತಾ ಹೇಳತೊಡಗಿದರು.

"ಗೊರಕೆ ಜೋರು ಉಂಟು. ಗೊರಕೆ ಇದ್ದರೆ ನನಗೆ ಧೈರ್ಯ. ಮಧ್ಯದಲ್ಲಿ ನಿಲ್ತದೆ. ಉಸಿರೂ ಇರುವುದಿಲ್ಲ. ನಾನು ಕಾಯ್ತೇನೆ. ಬರದಿದ್ದರೆ ಭುಜ ಮುಟ್ತೇನೆ. ಆಗ ಬರ್ತದೆ. ಮುಟ್ಟಿದ್ದಕ್ಕೆ ಬೈತಾಳೆ, ಬೈದರೆ ಉಸಿರು ಬಂತು ಅಂತ ಲೆಕ್ಕ."

"ಎಷ್ಟು ಸಮಯದಿಂದ?"

"ಮಗಳು ಕಾಲೇಜಿಗೆ ಕಲಿಯಲು ಹೋಗುವಾಗಿನಿಂದ."

"ಯಾಕೆ ಹೇಳಲಿಲ್ಲ?"

"ಇವಳಿಗೆ ಸಿಟ್ಟು ಬರ್ತದೆ ಡಾಕ್ಟ್ರೇ" ಎಂದರು. ಡಾಕ್ಟರ್ ನಕ್ಕರು. ನನಗೆ ನಗು ಬರಲಿಲ್ಲ.

ಬಸ್ಸಿನಲ್ಲಿ ಊರಿಗೆ ಬರುವಾಗ ನಾನು ಅವರೊಡನೆ ಮಾತಾಡಲಿಲ್ಲ. ನನ್ನ ಬಗ್ಗೆ ನನಗಿಂತ ಹೆಚ್ಚು ತಿಳಿದವರು ಪಕ್ಕದಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ಮನುಷ್ಯ ತನ್ನ ಅಳುವನ್ನು ನೋಡಬಲ್ಲ, ಸಿಟ್ಟನ್ನು ನೋಡಬಲ್ಲ, ತನ್ನ ನಿದ್ದೆಯನ್ನು ಮಾತ್ರ ಎಂದೂ ನೋಡಲಾರ. ಅದಕ್ಕೆ ಬೇರೆಯವರೇ ಸಾಕ್ಷಿ. ಅಷ್ಟು ವರ್ಷ ಅವರು ಸಾಕ್ಷಿ ಇದ್ದರು, ನಾನು ಅವರನ್ನೇ ಆರೋಪಿ ಮಾಡಿ ನೆಂಟರ ಮುಂದೆ ನಿಲ್ಲಿಸಿದ್ದೆ. ಉದ್ಯಾವರದ ಸೇತುವೆ ದಾಟುವಾಗ ಅವರ ಕೈಯಿಂದ ನಾಲ್ಕು ಶೇಂಗಾ ತೆಗೆದುಕೊಂಡು ತಿಂದೆ. ನಮ್ಮಲ್ಲಿ ರಾಜಿಯಾಗುವುದು ಹೀಗೆ.

ಮುಂದಿನ ವಾರ ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿ ಪರೀಕ್ಷೆ ಮಾಡಿದರು. ತಲೆಗೆ ವಯರುಗಳನ್ನು ಅಂಟಿಸಬೇಕು, ಆದ್ದರಿಂದ ಸೀಗೆಪುಡಿಯೋ ಶಾಂಪೂವೋ ಹಾಕಿ ಮಿಂದು, ಎಣ್ಣೆಯ ಜಿಡ್ಡಿಲ್ಲದೆ ಬರಬೇಕು ಎಂದು ಮೊದಲೇ ತಾಕೀತು ಮಾಡಿದ್ದರು. ಹಾಗೆಯೇ ಹೋದೆ. ಮೊದಲರ್ಧ ಸುಮ್ಮನೆ ನೋಡಿದರಂತೆ. ಆಮೇಲೆ ಮೂಗಿಗೆ ಮಾತ್ರ ಹಾಕುವ ಒಂದು ಮಾಸ್ಕ್ ಕಟ್ಟಿ, ಗಾಳಿಯ ಒತ್ತಡವನ್ನು ನಿಧಾನವಾಗಿ ಏರಿಸಿ ನನಗೆ ಎಷ್ಟು ಸಾಕು ಎಂದು ಕಂಡುಕೊಂಡರಂತೆ. ನನಗೆ ಗೊತ್ತಿರುವುದು ಬೆಳಿಗ್ಗೆ ಎದ್ದದ್ದು ಮಾತ್ರ. ಮೈ ಹಗುರವಾಗಿತ್ತು. ಕಿಟಕಿಯ ಹೊರಗಿನ ಮರದ ಎಲೆಗಳು ಒಂದೊಂದಾಗಿ ಕಾಣುತ್ತಿದ್ದವು. ಇಷ್ಟು ವರ್ಷ ನಾನು ನಿದ್ದೆ ಎಂದುಕೊಂಡಿದ್ದು ನಿದ್ದೆಯಾಗಿರಲಿಲ್ಲ ಎಂದು ಹೊಳೆದು ಆಸ್ಪತ್ರೆಯ ಮಂಚದ ಮೇಲೆ ಕುಳಿತು ಅತ್ತುಬಿಟ್ಟೆ.

ಡಾಕ್ಟರ್ ಸರಳವಾಗಿ ಹೇಳಿದರು: ಮಲಗಿದಾಗ ಗಂಟಲಿನ ಒಳಭಾಗ ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಉಸಿರಿಲ್ಲದೆ ಮಿದುಳು ಬೆಚ್ಚಿ ಎಬ್ಬಿಸುತ್ತದೆ. ಪುನಃ ಮಲಗಿದರೆ ಪುನಃ ಅದೇ. ಯಂತ್ರದ ಗಾಳಿ ಆ ದಾರಿಯನ್ನು ತೆರೆದಿಡುತ್ತದೆ. "ನಿಮಗೆ ಮಾಸ್ಕ್ ಚೆನ್ನಾಗಿ ಒಗ್ಗಿತು ಟೀಚರ್. ಇದೇ ಸಾಕು."

ಉಡುಪಿಯಲ್ಲಿ ಇಂಥ ಯಂತ್ರಗಳನ್ನು ಬಾಡಿಗೆಗೂ ಕ್ರಯಕ್ಕೂ ಕೊಡುವ ಅಂಗಡಿಯೊಂದಿದೆ. ಅಲ್ಲಿದ್ದ ಹುಡುಗಿ ನನಗೆ ಬೇಕಾದ ಒತ್ತಡವನ್ನು ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳುವ ಯಂತ್ರವನ್ನೂ, ಆಸ್ಪತ್ರೆಯದೇ ಮಾದರಿಯ ಮಾಸ್ಕನ್ನೂ ಕೊಟ್ಟು, ಬೆಲ್ಟ್ ಕಟ್ಟುವುದು ಕಲಿಸಿದಳು. "ಮುಖಕ್ಕೆ ಎಂತಾದರೂ ಕ್ರೀಮ್ ಹಾಕ್ತೀರಾ ಆಂಟಿ?" ಎಂದು ಕೇಳಿದಳು.

"ಈ ಪ್ರಾಯದಲ್ಲಿ ನನಗೆ ಎಂತ ಕ್ರೀಮ್ ಮಗಳೇ!" ಎಂದೆ. ನನ್ನ ಮಟ್ಟಿಗೆ ಅದು ಸತ್ಯವೇ.

ಮನೆಯಲ್ಲಿ ಯಂತ್ರ ಕೆಲಸ ಮಾಡಲಿಲ್ಲ. ಅಂದರೆ ಯಂತ್ರ ಕೆಲಸ ಮಾಡುತ್ತಿತ್ತು, ಮಾಸ್ಕ್ ನಿಲ್ಲುತ್ತಿರಲಿಲ್ಲ. ಮಲಗುವಾಗ ಸರಿಯಾಗಿ ಕೂರುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಮೂಗಿನ ಪಕ್ಕದಿಂದ ಬುಸ್ ಎಂದು ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತಿತ್ತು. ಬೆಲ್ಟ್ ಬಿಗಿ ಮಾಡಿದರೆ ಕೆನ್ನೆಯಲ್ಲಿ ಗೆರೆ, ಸಡಿಲ ಮಾಡಿದರೆ ಮಾಸ್ಕ್ ಹಣೆಗೆ. ಬೆಳಿಗ್ಗೆ ಯಂತ್ರದ ಪರದೆಯಲ್ಲಿ ಮಾಸ್ಕ್ ಸರಿಯಾಗಿ ಕುಳಿತಿದ್ದರೆ ನಗುಮುಖ, ಸೋರಿದ್ದರೆ ಅಳುಮುಖ ಮೂಡುತ್ತದೆ. ಮೂವತ್ತು ವರ್ಷ ಮಕ್ಕಳ ಪುಸ್ತಕಕ್ಕೆ ಕೆಂಪು ಶಾಯಿಯಲ್ಲಿ ಗೀಚಿದವಳಿಗೆ ಒಂದು ಡಬ್ಬಿ ದಿನಾ ಬೆಳಿಗ್ಗೆ ಅಳುಮುಖ ಕೊಡುತ್ತಿತ್ತು.

ಮಗಳು ಕಾಲೇಜಿಗೆ ಹೊರಡುವ ಮೊದಲು ಫೋನ್ ಮಾಡುತ್ತಿದ್ದಳು. "ಅಮ್ಮ, ಇವತ್ತು ನಗುವಾ, ಅಳುವಾ?"

"ನೀನು ನಿನ್ನ ಕೆಲಸ ನೋಡು" ಎಂದು ಇಟ್ಟುಬಿಡುತ್ತಿದ್ದೆ. ಅವಳಿಗೆ ಅಷ್ಟರಲ್ಲೇ ಉತ್ತರ ಸಿಗುತ್ತಿತ್ತು.

ನಾನು ಮಾಸ್ಕನ್ನು ದೂರಿದೆ. ಅಂಗಡಿಗೆ ಹೋಗಿ ಮೂಗು ಬಾಯಿ ಎರಡನ್ನೂ ಮುಚ್ಚುವ ದೊಡ್ಡದನ್ನು ತಂದೆ. ಅದು ಇನ್ನೂ ಬೇಗ ಜಾರಿತು. ಅದನ್ನು ಕೊಟ್ಟು ಮೂಗಿನ ಹೊಳ್ಳೆಗೆ ಮಾತ್ರ ಒತ್ತಿ ಕೂರುವ ಸಣ್ಣದನ್ನು ತಂದೆ. ಅದು ನನ್ನ ಮೂಗುತಿಯ ತಿರುಪಿಗೆ ಒತ್ತಿ ನೋವಾಯಿತು. ಗಾಳಿ ಒಣಗುತ್ತದೆ ಎಂದು ಯಂತ್ರದ ಪಕ್ಕದ ಸಣ್ಣ ತೊಟ್ಟಿಗೆ ಹಾಕುವ ನೀರನ್ನೂ ದೂರಿದೆ. ಬಟ್ಟಿ ಇಳಿಸಿದ ನೀರು ಹಾಕಿ ಎಂದು ಅಂಗಡಿಯವಳು ಹೇಳಿದ್ದಳು. ನಾನು ತಂಪಿಗೆ ಒಳ್ಳೆಯದು ಎಂದು ಲಾವಂಚ ಹಾಕಿ ಕುದಿಸಿದ, ನಾವು ಕುಡಿಯುವ ನೀರನ್ನೇ ಹೊಯ್ದೆ. ಬೇರಿನ ಪರಿಮಳ ಚೆನ್ನಾಗಿತ್ತು. ತೊಟ್ಟಿಯ ತಳದಲ್ಲಿ ಕಂದು ಪೊರೆ ಕಟ್ಟಿ, ಅದನ್ನು ಕಂಡ ಅಂಗಡಿಯ ಹುಡುಗಿ ಎದೆಯ ಮೇಲೆ ಕೈ ಇಟ್ಟುಕೊಂಡಳು. ಡಾಕ್ಟರ್ ಫೋನಿನಲ್ಲಿ ಒತ್ತಡ ಸ್ವಲ್ಪ ಇಳಿಸಿ ನೋಡುವ ಎಂದರು. ಇಳಿಸಿದರೂ ಅಳುಮುಖವೇ. "ಆಸ್ಪತ್ರೆಯಲ್ಲಿ ಅಷ್ಟು ಚೆನ್ನಾಗಿ ಮಲಗಿದ್ರಿ ಅಲ್ವಾ ಟೀಚರ್, ಮನೆಯಲ್ಲಿ ಎಂತ ವ್ಯತ್ಯಾಸ?" ಎಂದು ಅವರು ಕೇಳಿದ್ದಕ್ಕೆ, "ಆಸ್ಪತ್ರೆಯಲ್ಲಿ ಎ.ಸಿ. ಉಂಟು" ಎಂದು ಸಿಡುಕಿದೆ.

ಬಯಕೆಗೆ ದಿನ ಗೊತ್ತಾಯಿತು. ಕಾರ್ಕಳದಿಂದ ಮಗಳ ಅತ್ತೆ ಫೋನ್ ಮಾಡಿ ಶಾಸ್ತ್ರದ ಮಾತೆಲ್ಲ ಆದ ಮೇಲೆ, "ನಿಮಗೆ ಕಷ್ಟ ಆಗುವುದಾದರೆ ಬೇಡ, ಹುಡುಗಿ ಇಲ್ಲಿಯೇ ಇರಲಿ. ನಮ್ಮದೇ ಮಗಳಲ್ವಾ" ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಕೂಸನ್ನು ಹಿಡಿದ ಸಂಗತಿಯನ್ನು ಅವರು ಆಗ ಒಳಗಿದ್ದ ತಮ್ಮ ಗಂಡನಿಗೂ ಹೇಳಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ನಾನು "ನೋಡುವ" ಎಂದೆ. ಜೀವನದಲ್ಲಿ ನಾನು ಅಷ್ಟು ಸಣ್ಣ ಉತ್ತರ ಕೊಟ್ಟದ್ದು ಅದೇ ಮೊದಲಿರಬೇಕು. ನನ್ನ ಮಗಳ ಕೂಸನ್ನು ನನ್ನ ಕೈಗೆ ಕೊಡಲು ನನ್ನ ಮಗಳೇ ಹೆದರುತ್ತಾಳೆ, ಮತ್ತು ಆ ಹೆದರಿಕೆ ಸರಿಯಾಗಿದೆ. ಇದಕ್ಕಿಂತ ದೊಡ್ಡ ಸಂಕಟ ನನಗೆ ಆವರೆಗೆ ಬಂದಿರಲಿಲ್ಲ.

ಮಾಸ್ಕ್ ತೊಳೆಯುವ ಕೆಲಸವನ್ನು ಗಂಡ ತಾವೇ ವಹಿಸಿಕೊಂಡಿದ್ದರು. ಒಂದು ಬೆಳಿಗ್ಗೆ ಬಚ್ಚಲಿನ ನಲ್ಲಿಯ ಕೆಳಗೆ ಅದನ್ನು ಹಿಡಿದುಕೊಂಡು ನನ್ನನ್ನು ಕರೆದರು.

"ಇಲ್ಲಿ ನೋಡು ಮಾರಾಯ್ತಿ. ಇದರ ಮೇಲೆ ನೀರೇ ನಿಲ್ಲುವುದಿಲ್ಲ."

ಮಾಸ್ಕಿನ ಮೆತ್ತನೆಯ ಅಂಚಿನ ಮೇಲೆ ನೀರಿನ ಹನಿಗಳು ಕೆಸುವಿನ ಎಲೆಯ ಮೇಲಿನ ಹಾಗೆ ಉರುಳಿ ಹೋಗುತ್ತಿದ್ದವು. ಅವರು ಅದನ್ನು ಮೂಸಿ ನನ್ನ ಮೂಗಿನ ಹತ್ತಿರ ಹಿಡಿದರು. ತೆಂಗಿನೆಣ್ಣೆ.

"ನೀನು ಮಲಗುವಾಗ ಎಣ್ಣೆ ಹಾಕ್ತಿ ಅಲ್ವಾ?"

ಹಾಕುತ್ತೇನೆ. ಬುದ್ಧಿ ಬಂದಾಗಿನಿಂದ ಹಾಕುತ್ತೇನೆ. ನೆತ್ತಿಗೆ ಒಂದು ಹಿಡಿ ತಟ್ಟಿ, ಕಿವಿಯ ಹಿಂದೆ ಸವರಿ, ಅಂಗೈಯಲ್ಲಿ ಉಳಿದದ್ದನ್ನು ಮುಖಕ್ಕೆ ಒರೆಸಿಕೊಂಡು ಮಲಗುವುದು. ತಲೆ ತಂಪಾದರೆ ನಿದ್ದೆ ತಾನಾಗಿ ಬರುತ್ತದೆ ಎಂದು ನನ್ನ ಅಮ್ಮ ಹೇಳುತ್ತಿದ್ದರು. ನಿದ್ದೆ ಸರಿಯಿಲ್ಲ ಎಂದು ಗೊತ್ತಾದ ಮೇಲಂತೂ ಎಣ್ಣೆಯನ್ನು ಇನ್ನೂ ಧಾರಾಳವಾಗಿ ತಟ್ಟುತ್ತಿದ್ದೆ. ಅಂಗಡಿಯ ಹುಡುಗಿ ಕೇಳಿದ್ದು ಕ್ರೀಮಿನ ಬಗ್ಗೆ. ತೆಂಗಿನೆಣ್ಣೆಯನ್ನು ಹಚ್ಚಿಕೊಳ್ಳುವ ವಸ್ತುಗಳ ಲೆಕ್ಕಕ್ಕೆ ನಮ್ಮ ಕರಾವಳಿಯಲ್ಲಿ ಯಾರು ಸೇರಿಸುತ್ತಾರೆ? ಅದು ಚರ್ಮದ್ದೇ ಭಾಗ. ಆಸ್ಪತ್ರೆಯಲ್ಲಿ ಮಲಗಿದ್ದ ಆ ಒಂದು ರಾತ್ರಿ ಮಾತ್ರ ನನ್ನ ತಲೆಯಲ್ಲೂ ಮುಖದಲ್ಲೂ ಎಣ್ಣೆ ಇರಲಿಲ್ಲ, ಆ ಒಂದು ರಾತ್ರಿ ಮಾತ್ರ ಮಾಸ್ಕ್ ನಿಂತಿತ್ತು. ಡಾಕ್ಟರ್ ಕೇಳಿದ ವ್ಯತ್ಯಾಸ ಇದೇ. ನಾನು ಎ.ಸಿ.ಯನ್ನು ಹೇಳಿ ಕಳಿಸಿದ್ದೆ.

ಆದರೂ ತಕ್ಷಣ ಒಪ್ಪಲಿಲ್ಲ. "ನನ್ನ ಅಮ್ಮನಿಗೆ ಬುದ್ಧಿ ಇರಲಿಲ್ಲ ಅಂತಲಾ?" ಎಂದು ಜಗಳಕ್ಕೆ ನಿಂತೆ. ಅವರು ಮಾಸ್ಕಿಗೆ ಪಾತ್ರೆ ತೊಳೆಯುವ ಸಾಬೂನು ಹಾಕಿ ತಿಕ್ಕುತ್ತಾ, "ಅಮ್ಮನ ಕಾಲದಲ್ಲಿ ಮಾಸ್ಕ್ ಇರಲಿಲ್ಲ" ಎಂದಷ್ಟೇ ಹೇಳಿದರು.

ಅಂಗಡಿಗೆ ಹೋಗಿ ಮೊದಲಿನ ಮಾಸ್ಕನ್ನೇ ಪುನಃ ಕೇಳಿದೆ. ಕಾರಣ ಹೇಳಿದಾಗ ಹುಡುಗಿ, "ನಾನು ಕೇಳಿದ್ದೆ ಅಲ್ವಾ ಆಂಟಿ?" ಎಂದಳು. "ಕೇಳಿದ್ದು ತಪ್ಪು ಪ್ರಶ್ನೆ. ಇನ್ನು ಮುಂದೆ ತೆಂಗಿನೆಣ್ಣೆ ಎಂದು ಹೆಸರು ಹಿಡಿದು ಕೇಳು" ಎಂದೆ. ಕಲಿಸುವ ಚಾಳಿ ಅಷ್ಟು ಸುಲಭದಲ್ಲಿ ಹೋಗುವುದಿಲ್ಲ.

ಎಣ್ಣೆಯನ್ನು ಬೆಳಗಿನ ಸ್ನಾನಕ್ಕೆ ಬದಲಿಸಿದೆ. ಸಂಜೆ ಕಡಲೆಹಿಟ್ಟಿನಲ್ಲಿ ಮುಖ ತೊಳೆದು, ಒಣ ತಲೆಯಲ್ಲಿ ಮಲಗುವುದು ಮೊದಮೊದಲು ಯಾರದೋ ತಲೆಯನ್ನು ತಂದು ದಿಂಬಿನ ಮೇಲಿಟ್ಟ ಹಾಗಾಗುತ್ತಿತ್ತು. ಅಮ್ಮನ ನೆನಪಾಗಿ ಬೇಸರವೂ ಆಗುತ್ತಿತ್ತು. ಅವರು ನನ್ನ ನೆತ್ತಿಗೆ ತಟ್ಟುತ್ತಿದ್ದ ಎಣ್ಣೆಯಲ್ಲಿ ಎಣ್ಣೆಗಿಂತ ಹೆಚ್ಚಿನದೇನೋ ಇತ್ತು. ಆದರೆ ಮಾಸ್ಕ್ ನಿಂತಿತು. ಗಾಳಿ ಮೆತ್ತಗೆ ಬಂದು ಹೋಗತೊಡಗಿತು. ಮೊದಲ ಬಾರಿ ನಗುಮುಖ ಕಂಡ ಬೆಳಿಗ್ಗೆ ಗಂಡ ನನಗಿಂತ ತಡವಾಗಿ ಎದ್ದರು. ನಾನು ಕಾಫಿ ಮಾಡಿ ಹೋಗಿ ನೋಡಿದರೆ ಗೋಡೆಗೆ ಮುಖ ಮಾಡಿ, ಮಗುವಿನ ಹಾಗೆ ಮಲಗಿದ್ದರು. ಭುಜ ಮುಟ್ಟಲು ಕಾಯಬೇಕಾದ ಕೆಲಸ ಅವರಿಗೆ ಇನ್ನು ಇರಲಿಲ್ಲ. ಕಾಫಿ ಆರಿದರೆ ಆರಲಿ ಎಂದು ಬಾಗಿಲು ಎಳೆದುಕೊಂಡು ಬಂದೆ. ಒಂದು ವಿಷಯ ಹೇಳಬೇಕು: ಅವರಿಗೆ ಗೊರಕೆಯೇ ಇಲ್ಲ.

ಬಯಕೆಯ ದಿನ ಕಾರ್ಕಳದಲ್ಲಿ ಊಟದ ನಂತರ ಅದೇ ಜಗಲಿಯಲ್ಲಿ, ಅದೇ ಕುರ್ಚಿಯಲ್ಲಿ ಕುಳಿತೆ. ಸೆಕೆ ಬೇಕಾದಷ್ಟಿತ್ತು, ಹೊಟ್ಟೆ ತುಂಬಿತ್ತು, ಕಣ್ಣು ಎಳೆಯಲಿಲ್ಲ. ಎಲ್ಲರೂ ನನ್ನನ್ನು ನೋಡದ ಹಾಗೆ ನೋಡುತ್ತಿದ್ದರು. ಸಂಜೆ ಮಗಳು ತನ್ನ ಚೀಲ ತಂದು ನಾವು ಬಾಡಿಗೆಗೆ ತಂದ ಕಾರಿನಲ್ಲಿಟ್ಟಳು. ಅವಳ ಅತ್ತೆ ನನ್ನ ಕೈ ಹಿಡಿದು, ಸ್ವರ ತಗ್ಗಿಸಿ, "ಆ ಮಿಷನ್ ಸಿಗುವ ಅಂಗಡಿ ಎಲ್ಲಿ ಉಂಟು? ನಮ್ಮವರಿಗೂ ಸ್ವಲ್ಪ ಹಾಗೆಯೇ" ಎಂದರು. "ಮೊದಲು ಡಾಕ್ಟರಿಗೆ ತೋರಿಸಿ. ನಮ್ಮ ಮಿಷನ್ ಮಾತ್ರ ಸಾಲ ಕೇಳಬೇಡಿ" ಎಂದೆ. ಇಬ್ಬರೂ ನಕ್ಕೆವು.

ಹೆಣ್ಣು ಕೂಸು. ಹೊಕ್ಕುಳು ಬಿದ್ದ ಮೇಲೆ ಮೊದಲ ಸ್ನಾನಕ್ಕೆ ನಾನು ಬಚ್ಚಲಿನಲ್ಲಿ ಮಣೆಯ ಮೇಲೆ ಕಾಲು ಚಾಚಿ ಕುಳಿತೆ. ಮಗಳು ಕೂಸನ್ನು ತಂದು ನನ್ನ ಕಾಲ ಮೇಲಿಟ್ಟಳು, ಆದರೆ ಹೋಗಲಿಲ್ಲ. ಬಾಗಿಲಿನ ದಾರಂದಕ್ಕೆ ಒರಗಿ ನಿಂತಳು. "ಬಾಣಂತಿ ಹೀಗೆ ತಂಡಿಯಲ್ಲಿ ನಿಲ್ಲಬಾರದು, ಹೋಗಿ ಮಲಗು" ಎಂದೆ. "ಇರಲಿ ಅಮ್ಮ, ನೋಡ್ತೇನೆ" ಎಂದಳು. ಅವಳು ನೋಡುತ್ತಿದ್ದದ್ದು ಕೂಸನ್ನಲ್ಲ, ನನ್ನ ಕಣ್ಣುಗಳನ್ನು. ಮರುದಿನವೂ ನಿಂತಳು, ಅದರ ಮರುದಿನವೂ. ರಾತ್ರಿ ಕೂಸಿನ ಜೊತೆ ಎದ್ದೆದ್ದು ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು, ಆದರೂ ಸ್ನಾನದ ಹೊತ್ತಿಗೆ ಬಾಗಿಲಲ್ಲಿ ಹಾಜರು. ನನಗೆ ಬೇಸರವಾಗುತ್ತಿತ್ತು. ತರಗತಿಯ ಬಾಗಿಲಲ್ಲಿ ಇನ್‌ಸ್ಪೆಕ್ಟರ್ ನಿಂತಿದ್ದಾರೇನೋ ಎಂಬ ಹಾಗೆ ನಾನು ನೇರ ಕುಳಿತು, ಎಣ್ಣೆ ತಿಕ್ಕಿ, ನೀರು ಹೊಯ್ದು, ಕೂಸನ್ನು ಒಪ್ಪಿಸುತ್ತಿದ್ದೆ.

ಒಂದು ದಿನ ಹಾಗೆಯೇ ಮೀಯಿಸುತ್ತಿದ್ದೆ. ಕೂಸು ನನ್ನ ಕಾಲ ಮೇಲೆ ಬೋರಲು ಮಲಗಿ, ಬೆನ್ನಿಗೆ ನೀರು ಬೀಳುವ ಸುಖಕ್ಕೆ ಅಳುವುದನ್ನೇ ಮರೆತಿತ್ತು. ಕೊನೆಯ ಚೊಂಬು ಹೊಯ್ದು, "ಟವೆಲ್ ಕೊಡು" ಎಂದು ತಿರುಗದೆಯೇ ಕೈ ಚಾಚಿದೆ. ಕೈಗೆ ಏನೂ ಬರಲಿಲ್ಲ. ತಿರುಗಿ ನೋಡಿದೆ. ಟವೆಲ್ ಬಾಗಿಲಿನ ಚಿಲಕಕ್ಕೆ ನೇತುಬಿದ್ದಿತ್ತು. ಬಾಗಿಲಲ್ಲಿ ಯಾರೂ ಇರಲಿಲ್ಲ.

ಏನಾಯಿತೋ ಎಂದು ಕೂಸನ್ನು ಸುತ್ತಿಕೊಂಡು ಕೋಣೆಗೆ ಹೋದೆ. ಮಗಳು ಮಂಚದ ಮೇಲೆ ಅಡ್ಡಾದಿಡ್ಡಿ ಬಿದ್ದು ನಿದ್ದೆ ಹೋಗಿದ್ದಳು. ಬಾಯಿ ತುಸು ತೆರೆದಿತ್ತು, ಸಣ್ಣ ಗೊರಕೆ ಬರುತ್ತಿತ್ತು. ಯಾವಾಗ ಹೋದಳೋ ನನಗೆ ಗೊತ್ತಾಗಲಿಲ್ಲ. ನಾನು ಅವಳ ಕೂಸಿಗೆ ಸ್ನಾನ ಮಾಡಿಸುತ್ತಿದ್ದಾಗ, ನೋಡುವುದು ಸಾಕು ಎಂದು ಅವಳು ಹೋಗಿ ಮಲಗಿದ್ದಳು.

ಗೊರಕೆ ಕೇಳಿ ಗಂಡ ಚಾವಡಿಯಿಂದ ಎದ್ದು ಬಂದರು. ಮಂಚದ ಹತ್ತಿರ ತಲೆ ಓರೆ ಮಾಡಿ ನಿಂತು, ಸ್ವಲ್ಪ ಹೊತ್ತು ಕಿವಿಗೊಟ್ಟರು. ಇಷ್ಟು ವರ್ಷ ನನ್ನ ಪಕ್ಕದಲ್ಲಿ ಹೇಗೆ ಕಾದಿರಬಹುದು ಎಂದು ನಾನು ಕಣ್ಣಾರೆ ಕಂಡದ್ದು ಆಗಲೇ.

"ಸರಿ ಉಂಟು. ಉಸಿರು ನಿಲ್ಲುವುದಿಲ್ಲ. ಬರೀ ಆಯಾಸ" ಎಂದು ಪಿಸುಗುಟ್ಟಿ, ಕಿಟಕಿಯ ಪರದೆ ಎಳೆದು ಹೋದರು.

ನಾನು ಕುರ್ಚಿಯನ್ನು ಮಂಚದ ಪಕ್ಕಕ್ಕೆ ಎಳೆದುಕೊಂಡು, ಕೂಸನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ. ಮಿಂದ ಸುಖಕ್ಕೆ ಕೂಸೂ ನಿದ್ದೆ ಹೋಯಿತು. ನಾನು ಎಚ್ಚರವಾಗಿದ್ದೆ.